ಸಾರಥಿಯ ಹೊಟ್ಟೆ ಮತ್ತು ಕೆಂಪು ಗುಂಡಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ, ಅವನ ಹತ್ತಿರ ಒಂದು ಮುದಿ ಕುದುರೆಯಿತ್ತಂತೆ. ಮೂವತ್ತು ವರ್ಷ ಆ ಕುದುರೆ ಅರಮನೆಯ ಸುತ್ತ ಒಂದೇ ಸಮನೆ ಓಡುತ್ತಿತ್ತು. ನಿಲ್ಲು ಅಂದರೆ ಮಾತ್ರ ನಿಲ್ಲುತ್ತಿತ್ತು. ಒಂದು ದಿನ ರಾಜನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹೊಸ ಲಾಳ ಹೊಡೆಸಿದ, ಹೊಸ ಜೀನು ಹಾಕಿಸಿದ, ಹಲ್ಲನ್ನೂ ಹೊಸದಾಗಿ ಕಟ್ಟಿಸಿದ. ಅಂದಿನಿಂದ ಕುದುರೆ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡತೊಡಗಿತು, ಓಡುತ್ತಿರುವುದು ತಾನೇ ಹೌದೋ ಅಲ್ಲವೋ ಅಂತ.

ನಮ್ಮ ಕತೆಯಲ್ಲಿ ಕುದುರೆಯಿಲ್ಲ, ಯಂತ್ರವಿದೆ. ನೆಲದಡಿಯ ಸುರಂಗದಲ್ಲಿ ಬಳೆಯ ಹಾಗೆ ಬಾಗಿದ ಉದ್ದದ ಕೊಳವೆ. ಅದರೊಳಗೆ ಕಣ್ಣಿಗೆ ಕಾಣದ ಕಣಗಳು ಗಿರ್ರನೆ ಸುತ್ತುತ್ತವೆ, ಸುತ್ತುತ್ತ ಸುತ್ತುತ್ತ ತಿರುವಿನಲ್ಲಿ ಬೆಳಕು ಚೆಲ್ಲುತ್ತವೆ. ಆ ಬೆಳಕನ್ನು ಬಳೆಯಂಚಿನ ಪುಟ್ಟ ಪುಟ್ಟ ಕೋಣೆಗಳಿಗೆ ಹರಿಸಿಕೊಂಡು ಜನ ಕಲ್ಲಿನ ಒಳಗೇನಿದೆ, ಎಲೆಯ ಒಳಗೇನಿದೆ ಎಂದು ನೋಡುತ್ತಾರೆ. ಕಣ ವೇಗವರ್ಧಕ ಎಂಬುದು ಅದರ ದೊಡ್ಡ ಹೆಸರು. ಮೂವತ್ತು ವರ್ಷ ಬಿಡುವಿಲ್ಲದೆ ದುಡಿದ ಅದನ್ನು ಒಂದೂವರೆ ವರ್ಷ ನಿಲ್ಲಿಸಿ, ಹೊಸ ಆಯಸ್ಕಾಂತ, ಹೊಸ ಕರೆಂಟಿನ ಪೆಟ್ಟಿಗೆ, ಹೊಸ ನೀರಿನ ಕೊಳವೆ ಕೂರಿಸಿದರು. ಕಂಟ್ರೋಲ್ ರೂಮಿಗೂ ನುಣುಪಾದ ಹೊಸ ಮೇಜು ಬಂತು. ಹೊಸ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ; ಈ ಯಂತ್ರ ಅಷ್ಟೂ ಮಾಡಲಿಲ್ಲ. ಶುರುವಾದ ಮೂರು ತಿಂಗಳಲ್ಲಿ ದಿನಕ್ಕೆ ಎರಡು ಸಲವೋ ಮೂರು ಸಲವೋ ತನ್ನಷ್ಟಕ್ಕೆ ತಾನೇ ನಿಂತುಬಿಡುತ್ತಿತ್ತು, ಮುನಿಸಿಕೊಂಡ ಮದುಮಗಳ ಹಾಗೆ, ಯಾಕೆಂದು ಹೇಳದೆ.

ಅದನ್ನು ನಡೆಸುವವನಿಗೆ ಎಲ್ಲರೂ ಸಾರಥಿ ಅನ್ನುತ್ತಿದ್ದರು. ಅರ್ಧ ಗೌರವ, ಅರ್ಧ ಗೇಲಿ. ಇಪ್ಪತ್ತೆರಡು ವರ್ಷ ಅದೇ ಕೋಣೆಯಲ್ಲಿ ಕೂತು ಪರದೆಯ ಮೇಲಿನ ಹಸಿರು ಗೆರೆಯನ್ನು ಕಾದವನು ಅವನು. ಗೆರೆ ನೆಟ್ಟಗಿದ್ದರೆ ಒಳಗೆ ಕಣಗಳ ಕಿರಣ, ಅವರ ಬಾಯಲ್ಲಿ ಬೀಮ್, ಓಡುತ್ತಿದೆ ಎಂದರ್ಥ. ದಬಕ್ಕನೆ ಬಿದ್ದರೆ ಯಂತ್ರ ನಿಂತಿತು ಎಂದರ್ಥ. ಯಂತ್ರ ಹೊಸದಾಗುತ್ತಿದ್ದ ಒಂದೂವರೆ ವರ್ಷ ಅವನಿಗೆ ಕಾಯುವ ಗೆರೆಯಿರಲಿಲ್ಲ, ಕುರ್ಚಿ ಮಾತ್ರ ಇತ್ತು. ಹೀಗಾಗಿ ಯಂತ್ರದ ಜೊತೆ ಜೊತೆಗೇ ಅವನ ಹೊಟ್ಟೆಯೂ ಬೆಳೆಯಿತು. ಹೊಸ ಮೇಜನ್ನು ಅಳೆದವರು ಯಂತ್ರವನ್ನು ಅಳೆದರೇ ಹೊರತು ಸಾರಥಿಯನ್ನು ಅಳೆಯಲಿಲ್ಲ.

ಅವತ್ತು ಬೆಳಿಗ್ಗೆ ಏಳೂವರೆಗೆ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆ ಅವನ ತಂಗಿಯ ಮಗಳು, ಬಳೆಯಂಚಿನ ಒಂಬತ್ತನೇ ಕೋಣೆಯಿಂದ.

"ಮಾವ, ಶುರು ಮಾಡ್ತಿದೀನಿ. ಮೂರು ಗಂಟೆ. ನಿನ್ನ ಕುದುರೆಗೆ ಹೇಳಿದೀಯ ತಾನೆ?"

"ಹೇಳಿದೀನಿ ಪುಟ್ಟಿ. ನಾನು ಮಾತು ಕೊಟ್ಟಿಲ್ವಾ?"

"ನೀನು ಕೊಟ್ಟಿದೀಯ. ಅದು ಕೊಟ್ಟಿಲ್ವಲ್ಲ."

ಅವಳು ನೋಡಬೇಕಾಗಿದ್ದದ್ದು ಒಂದು ಜೇನುಹುಳದ ಕಣ್ಣು. ಎಳ್ಳುಕಾಳಿಗಿಂತ ಸಣ್ಣದು, ಹಿಮದಷ್ಟು ತಣ್ಣಗಿನ ಡಬ್ಬಿಯಲ್ಲಿ ಮಲಗಿಸಿಟ್ಟದ್ದು. ಅದರೊಳಗಿನ ಸಾವಿರಾರು ಪುಟ್ಟ ಕಿಟಕಿಗಳನ್ನು ಪದರ ಪದರವಾಗಿ ಚಿತ್ರ ತೆಗೆಯಲು ಮೂರು ಗಂಟೆ ಬೇಕು. ನಡುವೆ ಯಂತ್ರ ನಿಂತರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ತಾಳೆಯಾಗುವುದಿಲ್ಲ, ಮತ್ತೆ ಮೊದಲಿಂದ. ಇದಕ್ಕಾಗಿ ಒಂದೂವರೆ ವರ್ಷ ಕಾದಿದ್ದಳು. ಇವತ್ತು ಸಂಜೆ ಡಬ್ಬಿಯ ತಣುಪು ಮುಗಿಯುತ್ತದೆ. ಅವಳ ಮುಂದಿನ ಸರದಿ ಎಂಟು ತಿಂಗಳ ನಂತರ. ಪ್ರಬಂಧ ಒಪ್ಪಿಸುವ ಗಡುವು ಬರುವ ತಿಂಗಳು. ಸಾರಥಿ ನಿನ್ನೆ ತಂಗಿಯ ಮನೆಯಲ್ಲಿ, ತಂಗಿಯ ಎದುರಲ್ಲೇ, ಎದೆ ತಟ್ಟಿಕೊಂಡು ಹೇಳಿದ್ದ: "ಮೂರು ಗಂಟೆ ಒಂದೇ ಸಮ ಓಡಿಸ್ತೀನಿ. ನನ್ನ ಸೊಸೆಗೋಸ್ಕರ ಅಷ್ಟೂ ಮಾಡದೆ ಇದ್ರೆ ನಾನ್ಯಾಕೆ ಇಪ್ಪತ್ತೆರಡು ವರ್ಷ ಅಲ್ಲಿ ಕೂತೆ?"

ಎಂಟೂ ನಲವತ್ತಕ್ಕೆ ಹಸಿರು ಗೆರೆ ಸಣ್ಣಗೆ ನಡುಗಿದಂತೆ ಅವನಿಗೆ ಅನ್ನಿಸಿತು. ನಿಜವೋ, ಕನ್ನಡಕದ ಧೂಳೋ. ನೋಡಲೆಂದು ಎದ್ದು ಮೇಜಿನ ಮೇಲೆ ಬಾಗಿದ. ಕೈ ಮುಂದಕ್ಕೆ, ಮುಖ ಮುಂದಕ್ಕೆ. ಆದರೆ ಎಲ್ಲಕ್ಕಿಂತ ಮುಂದೆ ಹೊಟ್ಟೆ.

ಟಕ್.

ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಸರ್ರನೆ ಕೆಳಗಿಳಿಯಿತು.

ಸಾರಥಿ ಬಗ್ಗಿ ನೋಡಿದ. ಹೊಸ ಮೇಜಿನ ಅಂಚಿನಲ್ಲಿ, ಸರಿಯಾಗಿ ಅವನ ಹೊಕ್ಕುಳದ ಎತ್ತರಕ್ಕೆ, ಅಣಬೆಯಂಥ ಕೆಂಪು ಗುಂಡಿ. ಅನಾಹುತವಾದಾಗ ಯಂತ್ರವನ್ನು ಒಂದೇ ಏಟಿಗೆ ನಿಲ್ಲಿಸಲು ಇಟ್ಟದ್ದು. ಅದಕ್ಕೊಂದು ಮುಚ್ಚಳ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಗುಂಡಿ ಒಳಗೆ ಹೋಗಿ ಕೂತಿತ್ತು.

ಅವನ ಕಿವಿ ಬಿಸಿಯಾಯಿತು. ಆಚೆ ಈಚೆ ನೋಡಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳವನ್ನು ಮತ್ತೆ ಹೊಂದಿಸಿಟ್ಟಂತೆ, ಎರಡು ಬೆರಳಲ್ಲಿ ಗುಂಡಿಯನ್ನು ತಿರುಗಿಸಿ ಮೆಲ್ಲಗೆ ಹೊರಗೆಳೆದ.

ಫೋನು ಹೊಡೆದುಕೊಂಡಿತು.

"ಮಾವ."

"ಹೂಂ ಪುಟ್ಟಿ."

"ಒಂದು ಗಂಟೆ ಹತ್ತು ನಿಮಿಷ ಆಗಿತ್ತು ಮಾವ." ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಏನಾಯ್ತು?"

ಹೊಟ್ಟೆ ತಗುಲಿತು ಎಂದು ಹೇಳಲು ಬಾಯಿ ತೆರೆದ. "ಅದೇ... ಯಂತ್ರ ಅಲ್ವಾ," ಅಂದ.

ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲ. ನಿಂತ ಪ್ರತಿ ಸಲವೂ ಲಾಗ್ ಪುಸ್ತಕದಲ್ಲಿ ಬರೆಯಬೇಕು: ಹೊತ್ತು, ಕಾರಣ, ತಪ್ಪು ಯಾವ ವಿಭಾಗದ್ದು. ಸಾರಥಿ ಹೊತ್ತು ಬರೆದ. ಕಾರಣದ ಕಾಲಮ್ಮಿಗೆ ಬಂದಾಗ ಪೆನ್ನು ಅಲ್ಲೇ ತೂಕಡಿಸಿತು. ಕೊನೆಗೆ ಬರೆದ: "ತಿಳಿದಿಲ್ಲ."

ಬರೆದ ಮೇಲೆ ನೆನಪಾಯಿತು, ಯಂತ್ರ ಹೊಸದಾದ ಮೇಲೆ ನಿಯಮವೂ ಹೊಸದಾಗಿದೆ ಎಂದು. ಕಾರಣ ತಿಳಿಯದೆ ನಿಂತರೆ ಮೂರೂ ವಿಭಾಗದವರು ಬಂದು, ತಮ್ಮ ತಮ್ಮ ಪೆಟ್ಟಿಗೆ ಬಿಚ್ಚಿ ನೋಡಿ, "ನಮ್ಮದಲ್ಲ" ಎಂದು ಸಹಿ ಹಾಕುವ ತನಕ ಮತ್ತೆ ಓಡಿಸುವಂತಿಲ್ಲ.

ಹತ್ತೇ ನಿಮಿಷಕ್ಕೆ ಮೂವರೂ ಬಂದರು. ಮೊದಲು ಕರೆಂಟಿನವನು, ತೆಳ್ಳಗೆ, ಯಾವಾಗಲೂ ಯಾರೋ ಬೈದು ಕಳಿಸಿದವನ ಮುಖ. ಅವನ ಹಿಂದೆ ಆಯಸ್ಕಾಂತಗಳನ್ನು ತಣ್ಣಗಿಡುವ ನೀರಿನವನು, ಕೈಯಲ್ಲಿ ಸ್ಪ್ಯಾನರು. ಕೊನೆಗೆ ಕೊಳವೆಯೊಳಗೆ ಒಂದು ಉಸಿರಿನಷ್ಟೂ ಗಾಳಿಯಿರದಂತೆ ನೋಡಿಕೊಳ್ಳುವ ಹೆಂಗಸು. ಅವಳ ಕೆಲಸ ಗಾಳಿ ತೆಗೆಯುವುದು, ಆದ್ದರಿಂದ ಎಲ್ಲರೂ ಅವಳನ್ನು ಗಾಳಿಯಕ್ಕ ಎಂದು ಕರೆಯುತ್ತಿದ್ದರು.

"ನಮ್ಮದಂತೂ ಅಲ್ಲ," ಎಂದು ಮೂವರೂ ಬಾಗಿಲಲ್ಲೇ ಹೇಳಿದರು.

"ಇನ್ನೂ ನೋಡೇ ಇಲ್ವಲ್ಲ," ಅಂದ ಸಾರಥಿ.

"ನೋಡೋದೇನು? ಕರೆಂಟ್ ಪೆಟ್ಟಿಗೆ ಬಂದಾಗಿಂದ ಇದೇ ಪಾಡು," ಅಂದ ನೀರಿನವನು.

"ನಿನ್ನ ಪೈಪು ಸೋರೋದು ಬಿಟ್ರೆ ಆಮೇಲೆ ನನ್ನ ಪೆಟ್ಟಿಗೆ ಮಾತು," ಅಂದ ಕರೆಂಟಿನವನು.

"ಇಬ್ರೂ ಜಗಳ ಆಡಿ," ಅಂದಳು ಗಾಳಿಯಕ್ಕ, "ಬಾಯಿಂದ ಬರೋ ಗಾಳಿ ಮಾತ್ರ ನನ್ನ ಕೊಳವೆ ಕಡೆ ಬಿಡ್ಬೇಡಿ."

ಮೂವರೂ ಮೂರು ದಿಕ್ಕಿಗೆ ಇಳಿದರು. ಸಾರಥಿ ಮೇಜಿನಿಂದ ಎರಡು ಮೊಳ ದೂರ ಕುರ್ಚಿ ಎಳೆದು ಕೂತ. ಕೆಂಪು ಗುಂಡಿ ಹಣೆಗಣ್ಣಿನ ಹಾಗೆ ಅವನನ್ನೇ ದಿಟ್ಟಿಸುತ್ತಿತ್ತು. ಅವರು ಬಂದ ಕೂಡಲೆ ಹೇಳಿಬಿಡುತ್ತೇನೆ ಎಂದುಕೊಂಡ. ನಕ್ಕರೆ ನಗಲಿ. ಆದರೆ ಆ ನಗು ಅವನ ಕಣ್ಣಿಗೆ ಕಟ್ಟಿತು: ಕ್ಯಾಂಟೀನಿನ ಸಾಲಿನಲ್ಲಿ, ಗೇಟಿನ ಹತ್ತಿರ, ನಿವೃತ್ತಿಯ ದಿನದ ಭಾಷಣದಲ್ಲಿ. "ಹೊಟ್ಟೆಯಿಂದ ಯಂತ್ರ ನಿಲ್ಲಿಸಿದ ಮಹಾನುಭಾವ." ತಂಗಿಯ ಮನೆಯ ಊಟದ ಮೇಜಿನಲ್ಲಿ ತಂಗಿ ಅನ್ನ ಬಡಿಸುತ್ತ ಕೈ ತಡೆದು, "ಇನ್ನೊಂದು ಸೌಟು ಹಾಕ್ಲೋ ಬೇಡ್ವೋ" ಎಂದು ಸೊಸೆಯ ಮುಖ ನೋಡುವುದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ಸಾರಥಿ ನೂರು ಸಲ ಕೇಳಿದ್ದ. ಕಳ್ಳ ತಾನಾಗಿ, ಹೆಗಲು ಮುಟ್ಟಿಕೊಳ್ಳುವವರು ಬೇರೆಯವರಾಗುವುದನ್ನು ಮಾತ್ರ ಕೇಳಿರಲಿಲ್ಲ.

ಮೊದಲು ಬಂದವನು ನೀರಿನವನು. ಬಾಗಿಲು ಮುಚ್ಚಿ, ಬೋಲ್ಟೂ ಹಾಕಿದ.

"ಸಾರಥಿ, ಒಂದು ಮಾತು. ಯಾರಿಗೂ ಹೇಳ್ಬಾರ್ದು."

"ಏನು?"

"ಆರನೇ ಆಯಸ್ಕಾಂತದ ಹತ್ರ ಹೊಸ ಪೈಪಿನ ಜಾಯಿಂಟ್ ತೊಟ್ಟಿಕ್ತಾ ಇತ್ತು. ವಾಲ್ವನ್ನ ಕಾಲು ಸುತ್ತು ಮುಚ್ಚಿ, ಕೆಳಗೊಂದು ಬಕೆಟ್ ಇಟ್ಟಿದ್ದೆ. ನೀರು ಕಮ್ಮಿಯಾಗಿ ಅದು ಕಾದಿರ್ಬೇಕು. ಈಗ ಸರಿ ಮಾಡ್ದೆ. ಬರೀಬೇಡ ಮಾರಾಯ. ಈ ಒಂದು ತಪ್ಪು ಹೊಟ್ಟೆಗೆ ಹಾಕ್ಕೋ."

ಸಾರಥಿ ಅಪ್ರಯತ್ನವಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಅದು ನಿನ್ನ ತಪ್ಪಲ್ಲ ಕಣೋ," ಅಂದ.

"ನಿಂದು ದೊಡ್ಡ ಮನಸ್ಸು," ಎಂದು ನೀರಿನವನು ಅವನ ಎರಡೂ ಕೈ ಹಿಡಿದುಕೊಂಡು ಹೋದ.

ಆಮೇಲೆ ಗಾಳಿಯಕ್ಕ. ಅವಳು ಕೂರಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಒಂದು ಅಲಾರಂ ಸುಮ್ಸುಮ್ನೆ ಕಿರುಚ್ತಾ ಇತ್ತು. ತಲೆ ಚಿಟ್ಟು ಹಿಡೀತು, ಆಫ್ ಮಾಡ್ಬಿಟ್ಟಿದ್ದೆ. ಹದಿನೈದು ದಿನ ಆಯ್ತು. ಇವತ್ತು ಅದು ನಿಜವಾಗ್ಲೂ ಕಿರುಚಿರ್ಬೇಕು. ಈಗ ಆನ್ ಮಾಡಿದೀನಿ. ನಂಗೆ ನಾಚಿಕೆ ಆಗ್ತಿದೆ, ಮತ್ತೆ ಕೇಳ್ಬೇಡ."

"ನಾನು ಕೇಳೇ ಇಲ್ವಲ್ಲ ಅಕ್ಕ."

"ಕೇಳದೆ ಇದ್ದಿದ್ದಕ್ಕೇ ಇನ್ನೂ ನಾಚಿಕೆ."

ಕೊನೆಗೆ ಕರೆಂಟಿನವನು. ಜೇಬಿನಿಂದ ಮಸಿ ಹಿಡಿದ ಪುಟ್ಟ ಫ್ಯಾನೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹೊಸ ಪೆಟ್ಟಿಗೆಯ ಫ್ಯಾನು ಎರಡನೇ ವಾರಕ್ಕೇ ಕೆಟ್ಟಿತ್ತಂತೆ. ಕೇಳಿದರೆ ಹೊಸದನ್ನು ಕೆಡಿಸಿದ್ದು ನೀನೇ ಅಂದಾರು ಎಂದು ಹೆದರಿ, ಹಳೆಯ ಯಂತ್ರದಿಂದ ಕಿತ್ತ ಫ್ಯಾನನ್ನು ತಂತಿಯಲ್ಲಿ ಕಟ್ಟಿ ಕೂರಿಸಿದ್ದನಂತೆ. "ಮನೇಲಿ ನಿದ್ದೆ ಬರ್ತಿರ್ಲಿಲ್ಲ ಸಾರಥಿ. ಮೂರು ತಿಂಗಳಲ್ಲಿ ಎಷ್ಟು ಸಲ ನಿಂತಿದ್ಯೋ ಅಷ್ಟೂ ಸಲ ಇದೇ ಇರ್ಬೇಕು. ಈಗ ಬೇರೆ ಹಾಕ್ದೆ. ನಾನು ಪಾಪಿ."

"ನೀನು ಪಾಪಿ ಅಲ್ಲ," ಅಂದ ಸಾರಥಿ. ಧ್ವನಿ ಅವನದೇ ಕಿವಿಗೆ ಬೇರೆ ಯಾರದೋ ಅನ್ನಿಸಿತು. "ಕೇಳು, ಬೆಳಿಗ್ಗೆ ಏನಾಯ್ತು ಅಂದ್ರೆ..."

"ಬೇಡ. ಸಮಾಧಾನ ಮಾಡ್ಬೇಡ. ಸಮಾಧಾನ ಮಾಡಿದ್ರೆ ಅಳು ಬರುತ್ತೆ." ಫ್ಯಾನನ್ನು ಜೇಬಿಗೆ ಹಾಕಿಕೊಂಡು ಹೊರಟೇಹೋದ.

ಸಾರಥಿ ಇಂಗು ತಿಂದ ಮಂಗನಂತೆ ಕೂತ. ಒಂದು ಹೊಟ್ಟೆಯ ಪಾಪವನ್ನು ಮೂರು ಜನ ಹಂಚಿಕೊಂಡು ಹೊತ್ತು ಹೋಗಿದ್ದರು. ಅವನಿಗೆ ಹಗುರವಾಗಬೇಕಿತ್ತು, ಮೂರು ಪಟ್ಟು ಭಾರವಾಯಿತು.

ಅಂತೂ ಮೂವರೂ ತಂತಮ್ಮ ಗುಟ್ಟನ್ನು ರಿಪೇರಿ ಮಾಡಿ, "ನಮ್ಮದಲ್ಲ" ಎಂದು ಸಹಿ ಹಾಕುವಷ್ಟರಲ್ಲಿ ಹನ್ನೆರಡೂವರೆ. ಯಂತ್ರ ಮತ್ತೆ ಏರಿತು. ಒಂದು ಗಂಟೆಗೆ ಹಸಿರು ಗೆರೆ ಕೊಳದ ಅಂಚಿನಂತೆ ಶಾಂತವಾಯಿತು. ಸೊಸೆ ಫೋನು ಮಾಡಿದಳು.

"ಮತ್ತೆ ಮೊದಲಿಂದ ಶುರು ಮಾಡ್ತಿದೀನಿ ಮಾವ. ನಾಲ್ಕು ಗಂಟೆವರೆಗೆ. ಡಬ್ಬಿ ತಣುಪು ಐದಕ್ಕೆ ಮುಗಿಯುತ್ತೆ. ಇದು ನಿಂತ್ರೆ ಇನ್ನೊಂದ್ಸಲ ಇಲ್ಲ."

"ನಿಲ್ಲಲ್ಲ ಪುಟ್ಟಿ."

"ನೀನು ಹೇಳಿದ್ರೆ ಸರಿ," ಅಂದಳು. ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಹಳ್ಳ ದಾಟುವಾಗಲೂ ಹೀಗೇ ಅನ್ನುತ್ತಿದ್ದಳು. ಸಾರಥಿ ಕುರ್ಚಿಯನ್ನು ಇನ್ನೊಂದು ಮೊಳ ಹಿಂದಕ್ಕೆ ಎಳೆದುಕೊಂಡ.

ಎರಡೂವರೆಗೆ ಕೇಂದ್ರದ ಮುಖ್ಯಸ್ಥರು ಬಂದರು. ಅವರು ಎಂದೂ ಕೋಪ ಮಾಡಿಕೊಂಡವರಲ್ಲ; ಅದಕ್ಕೇ ಎಲ್ಲರಿಗೂ ಭಯ. ಮೆತ್ತಗೆ ಮಾತಾಡುತ್ತ ಮನುಷ್ಯನನ್ನು ಮೂಲೆಗೆ ಸರಿಸುವ ಕಲೆ ಅವರಿಗೆ ಕೈವಶವಾಗಿತ್ತು. ಮೂರು ವಿಭಾಗದವರನ್ನೂ ಕಂಟ್ರೋಲ್ ರೂಮಿಗೆ ಕರೆಸಿ ಲಾಗ್ ಪುಸ್ತಕ ಬಿಡಿಸಿದರು.

"ನಾಲ್ಕು ಗಂಟೆ ಹೊತ್ತು ನಿಂತಿತ್ತು. ಕಾರಣ ತಿಳಿದಿಲ್ಲ. ಮೂರೂ ಜನ ನಮ್ಮದಲ್ಲ ಅಂದಿದೀರಿ. ಹಾಗಾದ್ರೆ ಯಂತ್ರ ಬೇಜಾರಾಗಿ ನಿಂತಿತು ಅಂತ ತಿಳ್ಕೊಳ್ಲಾ?"

ಮುಖ್ಯಸ್ಥರು ಪುಸ್ತಕವನ್ನು ಪಕ್ಕಕ್ಕಿಟ್ಟರು.

"ಮೂರು ತಿಂಗಳ ಲೆಕ್ಕ ತೆಗೆದು ನೋಡ್ದೆ. ಹೆಚ್ಚು ಸಲ ತಪ್ಪು ಬಿದ್ದಿರೋದು ಕರೆಂಟಿನ ಮೇಲೆ. ನಾಳೆಯಿಂದ ಪೆಟ್ಟಿಗೆ ಪೂರ್ತಿ ಬಿಚ್ಚಿಸ್ತೀನಿ. ನೀವು," ಎಂದು ಕರೆಂಟಿನವನ ಕಡೆ ತಿರುಗಿ, "ಸ್ವಲ್ಪ ದಿನ ಉಗ್ರಾಣ ನೋಡ್ಕೊಳ್ಳಿ. ತಪ್ಪು ತಿಳ್ಕೋಬೇಡಿ. ನಿಮಗೂ ವಿಶ್ರಾಂತಿ."

ಕರೆಂಟಿನವನು ಶಿಕ್ಷೆಗೆ ತಾನು ಅರ್ಹ ಎಂಬಂತೆ ತಲೆಯಾಡಿಸಿದ. ಜೇಬಿನಲ್ಲಿದ್ದ ಫ್ಯಾನಿನ ಮೇಲೆ ಅವನ ಕೈಯಿತ್ತು, ಸತ್ತ ಹಕ್ಕಿಮರಿಯನ್ನು ಹಿಡಿದುಕೊಂಡವರ ಹಾಗೆ.

ಆ ಕೈಯನ್ನು ನೋಡಿ ಸಾರಥಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಸರ್, ಅವನಲ್ಲ. ನನ್ನ ಹೊಟ್ಟೆ."

"ಹೊಟ್ಟೆ ಸರಿ ಇಲ್ಲ ಅಂದ್ರೆ ಹೋಗ್ಬನ್ನಿ, ಕೇಳೋದೇನಿದೆ," ಅಂದರು ಮುಖ್ಯಸ್ಥರು.

"ಹಾಗಲ್ಲ ಸರ್. ಬೆಳಿಗ್ಗೆ ಯಂತ್ರ ನಿಲ್ಲಿಸಿದ್ದು ನನ್ನ ಹೊಟ್ಟೆ. ಬಾಗಿದೆ, ಕೆಂಪು ಬಟನ್‌ಗೆ ತಗುಲ್ತು, ಬೀಮ್ ಬಿತ್ತು. ಹೇಳೋಕೆ ನಾಚಿಕೆ ಆಯ್ತು. ತಿಳಿದಿಲ್ಲ ಅಂತ ಬರೆದೆ."

ನೀರಿನವನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಸದ್ದಾಯಿತು. ಅವನು ಗೋಡೆಯ ಕಡೆ ತಿರುಗಿ ನಿಂತ, ಬೆನ್ನು ಕುಲುಕುತ್ತಿತ್ತು.

"ಅಂದ್ರೆ ನನ್ನ ಬಕೆಟ್ಟು..." ಎಂದು ಶುರುಮಾಡಿ ಬಾಯಿ ಮುಚ್ಚಿಕೊಂಡ.

"ಯಾವ ಬಕೆಟ್ಟು?" ಅಂದರು ಮುಖ್ಯಸ್ಥರು.

"ಏನಿಲ್ಲ ಸರ್. ಹೊಟ್ಟೆ. ಹೊಟ್ಟೇನೇ ಸರ್."

"ಹೊಟ್ಟೇನೇ ಇರ್ಬೇಕು," ಅಂದಳು ಗಾಳಿಯಕ್ಕ ಥಟ್ಟನೆ. "ನೋಡಿದ್ರೇ ಗೊತ್ತಾಗುತ್ತಲ್ಲ ಸರ್."

ಕರೆಂಟಿನವನ ಮುಖದಲ್ಲಿ ಮೂರು ತಿಂಗಳ ಮೋಡ ಒಮ್ಮೆಗೇ ಚದುರಿತು. ಅವನು ಸಾರಥಿಯ ಹೊಟ್ಟೆಯನ್ನು ನೋಡಿದ ನೋಟದಲ್ಲಿ ಇದ್ದದ್ದು ಬರೀ ಕೃತಜ್ಞತೆ. ಯಾವ ಹೊಟ್ಟೆಯನ್ನೂ ಯಾರೂ ಹಾಗೆ ನೋಡಿರಲಾರರು.

ಮುಖ್ಯಸ್ಥರು ಮಾತ್ರ ನಗಲಿಲ್ಲ. "ವರದಿ ಬರೀಬೇಕಲ್ಲ. ಹೇಗೆ ಬಾಗಿದ್ರಿ, ತೋರಿಸಿ."

"ಈಗ ಬೇಡ ಸರ್. ಬೀಮ್ ಓಡ್ತಿದೆ. ಒಂಬತ್ತನೇ ಕೋಣೇಲಿ ಕೆಲಸ ನಡೀತಿದೆ."

"ಮುಟ್ಬೇಡಿ. ದೂರದಿಂದ ತೋರಿಸಿ ಸಾಕು."

ಸಾರಥಿ ಮೇಜಿನ ಹತ್ತಿರ ಬಂದ. ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು, ಮೊಸಳೆಯ ಬಾಯಲ್ಲಿ ಕೈಯಿಡುವವನ ಎಚ್ಚರದಿಂದ ಬಾಗಿದ. ಹೊಟ್ಟೆಗೂ ಗುಂಡಿಗೂ ನಡುವೆ ನಾಲ್ಕು ಬೆರಳಿನ ಜಾಗ ಉಳಿಯಿತು.

"ಇಷ್ಟೇ ಬಾಗಿದ್ರೆ ತಗುಲಲ್ವಲ್ಲ," ಅಂದ ನೀರಿನವನು. ಕಾರಣ ಕೈತಪ್ಪಿ ಹೋದೀತೆಂಬ ಆತಂಕ ಅವನಿಗೆ.

"ಆಗ ಉಸಿರು ಬಿಟ್ಟಿದ್ರೇನೋ," ಅಂದಳು ಗಾಳಿಯಕ್ಕ.

"ತಡೀರಿ, ನೋಡೋಣ," ಎಂದು ಮುಖ್ಯಸ್ಥರು ಅಂತರ ಅಳೆಯಲು ಪಕ್ಕದಿಂದ ಬಗ್ಗಿದರು. ಅವರ ಕನ್ನಡಕ ಜಾರಿತು. ಹಿಡಿಯಲು ಹೋದ ಮೊಣಕೈ ಸಾರಥಿಯ ಸೊಂಟಕ್ಕೆ ತಿವಿಯಿತು. ಕಚಗುಳಿಯಾಗಿ ಸಾರಥಿಯ ಉಸಿರು ಫುಸ್ಸೆಂದು ಹೊರಬಂತು. ಉಸಿರಿನ ಜೊತೆಗೆ ಹೊಟ್ಟೆಯೂ.

ಟಕ್.

ಸಾರಥಿ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನೊಳಗೆ ಒಂದು ಜೇನುಹುಳದ ಕಣ್ಣು, ಅದರ ಸಾವಿರಾರು ಕಿಟಕಿಗಳು ಒಂದೊಂದಾಗಿ ಕತ್ತಲಾಗುತ್ತಿದ್ದವು. ಫೋನು ಯಾವಾಗ ಹೊಡೆದುಕೊಳ್ಳುತ್ತದೋ ಎಂದು ಕಾದ. ಹೊಡೆದುಕೊಳ್ಳಲಿಲ್ಲ.

"ಸಾರಥಿ," ಅಂದ ಕರೆಂಟಿನವನು ಪಿಸುದನಿಯಲ್ಲಿ. "ಕಣ್ಣು ಬಿಡು."

ಹಸಿರು ಗೆರೆ ನೆಟ್ಟಗೆ ಹರಿಯುತ್ತಿತ್ತು. ಕೂದಲೆಳೆಯಷ್ಟೂ ಕೊಂಕಿರಲಿಲ್ಲ. ಕೆಂಪು ಗುಂಡಿ ಪೂರ್ತಿ ಒಳಗೆ ಹೋಗಿ ಕೂತಿತ್ತು. ಯಂತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಅರೆಗಳಿಗೆ ಸಾರಥಿಗೆ ರೆಕ್ಕೆ ಬಂದಂತಾಯಿತು. ನಾನಲ್ಲ. ಬೆಳಿಗ್ಗೆ ನಿಲ್ಲಿಸಿದ್ದು ನಾನಲ್ಲ. ಗೆರೆ ನಡುಗಿದ್ದು ನಿಜ, ಅದು ಬೀಳುವುದರಲ್ಲೇ ಇತ್ತು; ಅದೇ ಹೊತ್ತಿಗೆ ಹೊಟ್ಟೆ ಹೋಗಿ ಸಾಕ್ಷಿಯಂತೆ ನಿಂತಿತು, ಅಷ್ಟೆ. ಅವನ ಮುಖ ಅರಳಿತು.

ಕರೆಂಟಿನವನು ಆಗಲೇ ಮೇಜಿನ ಕೆಳಗೆ ನುಸುಳಿ ಹಲಗೆ ಬಿಚ್ಚಿದ್ದ. "ಸರ್, ಇದಕ್ಕೆ ವೈರೇ ಇಲ್ಲ," ಎಂದು ಅವನ ಧ್ವನಿ ಕೆಳಗಿನಿಂದ ಬಂತು. "ವೈರಿದೆ, ಜೋಡಿಸಿಲ್ಲ. ಸುತ್ತಿ ಕಟ್ಟಿಟ್ಟಿದಾರೆ. ಮೇಲೊಂದು ಚೀಟಿ ಇದೆ. 'ಆಮೇಲೆ ಜೋಡಿಸುವುದು' ಅಂತ."

"ಹಾಗಾದ್ರೆ ಮೂರು ತಿಂಗಳಿಂದ," ಅಂದರು ಮುಖ್ಯಸ್ಥರು ಇನ್ನೂ ಮೆತ್ತಗೆ, "ಅನಾಹುತ ಆಗಿದ್ರೆ ನಿಲ್ಲಿಸೋಕೆ ಬಟನ್ ಇರ್ಲಿಲ್ಲ. ಇದನ್ನ ದಿನಾ ಬೆಳಿಗ್ಗೆ ಒತ್ತಿ ಪರೀಕ್ಷೆ ಮಾಡ್ಬೇಕು ಅಲ್ವಾ? ಯಾರು ಮಾಡೋದು?"

ಮುಖ್ಯಸ್ಥರು ಲಾಗ್ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು. ಪ್ರತಿ ಪುಟದ ತಲೆಯಲ್ಲೂ ಒಂದೇ ಸಾಲು, ಒಂದೇ ದುಂಡಗಿನ ಅಕ್ಷರ: "ಕೆಂಪು ಗುಂಡಿ ಪರೀಕ್ಷಿಸಿದೆ. ಸರಿಯಾಗಿದೆ." ಕೆಳಗೆ ಸಾರಥಿಯ ಸಹಿ. ಅವನು ಕೆಲಸಕ್ಕೆ ಬಂದ ದಿನಕ್ಕೊಂದರಂತೆ ಅರವತ್ತೊಂದು ಸಹಿ. ಇವತ್ತಿನದೂ ಇತ್ತು, ಶಾಯಿ ಹೊಳೆಯುತ್ತಿತ್ತು.

"ಒತ್ತಿದ್ರೆ ಯಂತ್ರ ನಿಲ್ಲುತ್ತೆ ಅಂತ," ಅಂದ ಸಾರಥಿ. ಧ್ವನಿ ಬಾವಿಯ ತಳದಿಂದ ಬಂತು. "ಅದಾಗಲೇ ದಿನಕ್ಕೆ ಮೂರು ಸಲ ನಿಲ್ತಿತ್ತು ಸರ್. ನಾನ್ಯಾಕೆ ನಾಲ್ಕನೇ ಸಲ ನಿಲ್ಲಿಸ್ಲಿ ಅಂತ..."

"ಒಂದು ದಿನಾನೂ ಒತ್ತಿಲ್ವಾ?"

"ಕೈಯಲ್ಲಿ ಒತ್ತಿಲ್ಲ ಸರ್."

ಯಾರೂ ನಗಲಿಲ್ಲ. ಬೆಳಿಗ್ಗೆಯಿಂದ ಅವನು ಹೆದರುತ್ತಿದ್ದ ನಗು ಈಗ ಬಂದಿದ್ದರೆ ಅದನ್ನು ಆಸೆಪಟ್ಟು ಅಪ್ಪಿಕೊಳ್ಳುತ್ತಿದ್ದ. ಬಕೆಟ್ಟು, ಅಲಾರಂ, ಫ್ಯಾನು ಮೂರೂ ಅವರವರ ಎದೆಯಲ್ಲಿ ಬೆಚ್ಚಗೆ ಮಲಗಿದವು. ಅವನ ಅರವತ್ತೊಂದು ಸಹಿ ಮಾತ್ರ ಬಯಲಲ್ಲಿ ಬೆತ್ತಲೆ ನಿಂತಿತ್ತು.

"ಯಂತ್ರ ನಿಲ್ಲಿಸ್ಬೇಕು," ಅಂದರು ಮುಖ್ಯಸ್ಥರು. "ನಿಲ್ಲಿಸೋ ವ್ಯವಸ್ಥೆ ಇಲ್ಲದೆ ಓಡಿಸೋ ಹಾಗಿಲ್ಲ."

ಸಾರಥಿ ಗಡಿಯಾರ ನೋಡಿದ. ಎರಡೂ ಐವತ್ತು. "ಸರ್, ಇನ್ನೊಂದು ಗಂಟೆ ಹತ್ತು ನಿಮಿಷ. ಆ ಹುಡುಗಿಗೆ ಇನ್ನೊಂದು ಸರದಿ ಇಲ್ಲ. ನನಗೆ ಏನು ಬೇಕಾದ್ರೂ ಮಾಡಿ. ನಾಳೆಯಿಂದ ಉಗ್ರಾಣಕ್ಕೆ ಹಾಕಿ. ಈಗ ನಿಲ್ಲಿಸ್ಬೇಡಿ."

ಮುಖ್ಯಸ್ಥರು ಗೆರೆಯನ್ನೂ ಗುಂಡಿಯನ್ನೂ ಸಾರಥಿಯನ್ನೂ ಒಂದೊಂದಾಗಿ ನೋಡಿದರು. "ಬಟನ್ ಇಲ್ಲ ಅಂದ್ರೆ ಬಟನ್ ಜಾಗದಲ್ಲಿ ಮನುಷ್ಯ ಇರ್ಬೇಕು," ಅಂದರು. "ಕೆಳಗೆ ಕಾರಿಡಾರಿನಲ್ಲಿ ಮೇನ್ ಸ್ವಿಚ್ ಇದೆ. ಹೋಗಿ ಅದರ ಹಿಡಿ ಮೇಲೆ ಕೈಯಿಟ್ಟು ನಿಂತ್ಕೊಳ್ಳಿ. ಇಲ್ಲಿಂದ ಫೋನ್ ಬಂದ ಕ್ಷಣ ಎಳೀಬೇಕು. ಆ ಕೆಲಸ ಮುಗಿದ ಮೇಲೂ ನೀವೇ ಎಳೀಬೇಕು. ಆಮೇಲೆ ವೈರ್ ಜೋಡಿಸ್ತಾರೆ. ಕೈ ತೆಗೀಬಾರ್ದು. ಮೂಗು ತುರಿಸಿದ್ರೂ."

ಸಾರಥಿ ಕಂಟ್ರೋಲ್ ರೂಮಿನಿಂದ ಹೊರಬಿದ್ದ. ಅವನ ಹಿಂದೆ ಮುಖ್ಯಸ್ಥರು ಕೇಳುವುದು ಕಿವಿಗೆ ಬಿತ್ತು: "ಹೊಟ್ಟೆ ಅಲ್ಲ ಅಂತ ಆಯ್ತು. ಹಾಗಾದ್ರೆ ಬೆಳಿಗ್ಗೆ ನಿಂತಿದ್ದಕ್ಕೆ ಕಾರಣ ಮತ್ತೆ ತಿಳಿದಿಲ್ಲ ಅಂತಾಯ್ತಲ್ಲ. ನಾಳೆ ಮೂರೂ ವಿಭಾಗ ಪೂರ್ತಿ ಬಿಚ್ಚಿ."

ಕಾರಿಡಾರಿನಲ್ಲಿ ಕಿಟಕಿಯಿರಲಿಲ್ಲ. ಗೋಡೆಗೆ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದರ ಪಕ್ಕದಲ್ಲಿ ಬಾವಿಯ ರಾಟೆಯಷ್ಟು ಗಟ್ಟಿಯಾದ ಹಿಡಿ, ಮಗ್ಗುಲಲ್ಲಿ ಒಂದು ಫೋನು. ಸಾರಥಿ ಹಿಡಿಯ ಮೇಲೆ ಕೈಯಿಟ್ಟು ನಿಂತ. ಗೋಡೆಯೊಳಗಿಂದ ಯಂತ್ರದ ಗುಂಯ್ ಎನ್ನುವ ದನಿ ಅಂಗೈಗೆ ಹರಿಯುತ್ತಿತ್ತು, ದೊಡ್ಡದೊಂದು ಜೇನುಗೂಡಿನ ಮೇಲೆ ಕೈಯಿಟ್ಟಂತೆ. ಮೂರು ತಿಂಗಳಲ್ಲಿ ಅದು ಇಷ್ಟು ಇಂಪಾಗಿ ಓಡಿದ್ದು ಅವನಿಗೆ ನೆನಪಿಲ್ಲ. ವಾಲ್ವು ಪೂರ್ತಿ ತೆರೆದಿತ್ತು, ಫ್ಯಾನು ಸರಿಯಾದದ್ದಿತ್ತು, ಅಲಾರಂ ಎಚ್ಚರವಿತ್ತು. ಎಲ್ಲ ಸರಿಹೋಗಿತ್ತು, ಯಾವುದರಿಂದ ಎಂದು ಪುಸ್ತಕದಲ್ಲಿ ಎಂದೂ ಬರೆಯುವಂತಿರಲಿಲ್ಲ.

ಮೂರೂಕಾಲಿಗೆ ನೀರಿನವನು ಆ ದಾರಿಯಾಗಿ ಹೋದ. ನಿಂತು ನಿಟ್ಟುಸಿರಿಟ್ಟ.

"ಹೊಟ್ಟೆಯಾಗಿದ್ರೆ ಎಷ್ಟು ಚೆನ್ನಾಗಿತ್ತು ಸಾರಥಿ."

"ಹೌದು ಕಣೋ."

"ನಾಳೆ ಮತ್ತೆ ಎಲ್ಲ ಬಿಚ್ಬೇಕು. ಸುಮ್ನೆ ಇರೋಕಾಗಲ್ವಾ ನಿನ್ಗೆ? ಬೆಳಿಗ್ಗೆ ನಿಂತಿದ್ದು ಒಪ್ಕೊಂಡೆ, ಸರಿ. ಮಧ್ಯಾಹ್ನ ಅದನ್ನ ಯಾಕೆ ತೋರಿಸೋಕೆ ಹೋದೆ?"

ಮೂರೂವರೆಗೆ ಕರೆಂಟಿನವನು ಒಂದು ಲೋಟ ಚಹ ತಂದ. ಸಾರಥಿಯ ಬಲಗೈ ಹಿಡಿಯ ಮೇಲಿತ್ತು. ಎಡಗೈಗೆ ಲೋಟ ಕೊಟ್ಟು ಹೋದ. ಗಾಳಿಯಕ್ಕ ಬರಲೇ ಇಲ್ಲ. ಆದರೆ ದೂರದ ಮೂಲೆಯಿಂದ ಅವಳ ಅಲಾರಂ ಒಂದು ಸಲ ಸಣ್ಣಗೆ ಕಿರುಚಿ ಸುಮ್ಮನಾದಾಗ ಸಾರಥಿಯ ಜೀವ ಹಾರಿಹೋಗಿ ತಿರುಗಿ ಬಂತು. ಗುಂಯ್ ಎನ್ನುವ ದನಿ ನಿಲ್ಲಲಿಲ್ಲ.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಓಡಿಬರುವ ಹೆಜ್ಜೆ ಕೇಳಿಸಿತು. ಫೋನು ಮಾಡುವಷ್ಟೂ ತಾಳ್ಮೆ ಸೊಸೆಗಿರಲಿಲ್ಲ. ಕೂದಲು ಕೆದರಿತ್ತು, ಕಣ್ಣು ಕೆಂಪಗಿತ್ತು, ಮುಖ ತುಂಬ ನಗು.

"ಮಾವ, ಮುಗೀತು. ಪೂರ್ತಿ ಕಣ್ಣು ಸಿಕ್ತು. ಒಂದು ಪದರಾನೂ ತಪ್ಪಿಲ್ಲ."

"ಹೌದಾ ಪುಟ್ಟಿ."

"ಮೂರು ಗಂಟೆ, ಒಂದು ಕ್ಷಣ ನಿಲ್ಲಲಿಲ್ಲ. ನೀನು ಅಂದ್ರೆ ಅಂದಂಗೇ. ಅಮ್ಮಂಗೆ ಈಗಷ್ಟೇ ಫೋನ್ ಮಾಡಿ ಹೇಳ್ದೆ, ಮಾವ ಕೂತಿದ್ರೆ ಯಂತ್ರಕ್ಕೆ ನಿಲ್ಲೋ ಧೈರ್ಯ ಇಲ್ಲ ಅಂತ."

ಎರಡೂ ಮುಕ್ಕಾಲಿಗೆ ತಾನು ಹೊಟ್ಟೆಯಿಂದ ಗುಂಡಿ ಒತ್ತಿದ್ದು, ಯಂತ್ರ ನಿಲ್ಲದೆ ಹೋದದ್ದು, ಯಾಕೆ ನಿಲ್ಲಲಿಲ್ಲ ಎನ್ನುವುದು. ತಾನು ಅರವತ್ತೊಂದು ದಿನದಲ್ಲಿ ಒಂದೇ ಒಂದು ದಿನ ಪ್ರಾಮಾಣಿಕನಾಗಿದ್ದರೆ ಗುಂಡಿಗೆ ಎಂದೋ ವೈರು ಜೋಡಿಸಿರುತ್ತಿದ್ದರು, ಇವಳ ಜೇನುಹುಳದ ಕಣ್ಣು ಅರ್ಧಕ್ಕೇ ಮುಚ್ಚಿರುತ್ತಿತ್ತು. ಇದನ್ನು ಯಾವ ಮಾತಲ್ಲಿ ಹೇಳುವುದು? ಸಾರಥಿ ಅವಳ ಮುಖ ಬಿಟ್ಟು ಗೋಡೆಯ ಕಬ್ಬಿಣದ ಪೆಟ್ಟಿಗೆಯನ್ನು ನೋಡಿದ.

"ಮಾವ, ಬರ್ತಾ ದಾರೀಲಿ ಎಲ್ಲರೂ ನಿನ್ನ ಹೊಟ್ಟೆ ವಿಷಯ ಮಾತಾಡ್ತಿದ್ರು. ಹುಷಾರಿಲ್ವಾ?"

"ಈಗ ಪರವಾಗಿಲ್ಲ."

"ಮತ್ತೆ ಇಲ್ಲಿ ಯಾಕೆ ಹೀಗೆ ನಿಂತಿದೀಯ?"

"ನಿನಗೇ ಕಾಯ್ತಿದ್ದೆ. ಎಲ್ಲಾ ಚಿತ್ರ ಸೇರ್ತಾ? ಇನ್ನೇನೂ ಬೇಡ್ವಾ?"

"ಇನ್ನೇನೂ ಬೇಡ."

"ಹಾಗಾದ್ರೆ ಕಿವಿ ಮುಚ್ಕೋ."

ಅವನು ಎರಡೂ ಕೈಯಿಂದ ಹಿಡಿಯನ್ನು ಕೆಳಗೆಳೆದ. ಧಡಾರೆಂದು ಸದ್ದಾಯಿತು. ಗೋಡೆಯೊಳಗಿನ ದನಿ ಉದ್ದಕ್ಕೆ ಉಸಿರುಬಿಟ್ಟು, ಇಳಿದು, ಇಲ್ಲವಾಯಿತು. ಮರುಕ್ಷಣವೇ ಮಗ್ಗುಲ ಫೋನು ಹೊಡೆದುಕೊಂಡಿತು. ಮೇಲೆ ಲಾಗ್ ಪುಸ್ತಕದ ಮುಂದೆ ಕರೆಂಟಿನವನು ಕೂತಿದ್ದ.

"ನಾಲ್ಕು ಗಂಟೆ ಐದು ನಿಮಿಷಕ್ಕೆ ನಿಂತಿತು ಅಂತ ಬರೆದೆ," ಅಂದ. "ಕಾರಣ ಅನ್ನೋ ಕಡೆ ಏನು ಬರೀಲಿ?"

ಸೊಸೆ ಪಕ್ಕದಲ್ಲೇ ನಿಂತು ಅವನ ಮುಖ ನೋಡುತ್ತಿದ್ದಳು.

"ನನ್ನ ಹೆಸರು ಬರಿ," ಅಂದ ಸಾರಥಿ.

ಮೂರು ತಿಂಗಳಲ್ಲಿ ಮೊದಲನೇ ಸಲ ಯಂತ್ರ ನಿಂತ ಕಾರಣ ಎಲ್ಲರಿಗೂ ಗೊತ್ತಿತ್ತು. ಮೂರು ವಿಭಾಗದವರೂ ಓಡಿಬಂದು, "ನಮ್ಮದಲ್ಲ" ಎಂದು ಸಂತೋಷದಿಂದ ಸಹಿ ಹಾಕಿದರು.